ಗ್ರಾಜುಯೇಷನ್ ಭಾಷಣದಲ್ಲಿ ವಚನ ಹೇಳಬಹುದೇ? ಅಮೆರಿಕದ ಪಬ್ಲಿಕ್ ಸ್ಕೂಲು, ಧರ್ಮ ಮತ್ತು ವಾಕ್ ಸ್ವಾತಂತ್ರ್ಯ

ಸುಮಾ_ಡಲ್ಲಾಸ್

ಟೆಕ್ಸಾಸ್‌ನ ಪಬ್ಲಿಕ್ ಹೈಸ್ಕೂಲು. ಮಗಳು ಈ ಸಲ ವ್ಯಾಲಿಡಿಕ್ಟೋರಿಯನ್ (ಅಂಕದಲ್ಲಿ ತರಗತಿಗೇ ಮೊದಲು ಬಂದವಳು), ಗ್ರಾಜುಯೇಷನ್ ದಿನ ಮೂರು ನಿಮಿಷ ಮಾತಾಡಬೇಕು. ಬಸವಣ್ಣನವರ ಒಂದು ವಚನ ಕನ್ನಡದಲ್ಲೇ ಹೇಳಿ, ಇಂಗ್ಲಿಷಿನಲ್ಲಿ ಅರ್ಥ ಬಿಡಿಸಿ, ಕೊನೆಗೆ ದೇವರಿಗೂ ಅಜ್ಜ ಅಜ್ಜಿಗೂ ಕೃತಜ್ಞತೆ ಹೇಳಬೇಕು ಅನ್ನುವುದು ಅವಳ ಆಸೆ. ಕೌನ್ಸೆಲರ್ "ಧರ್ಮದ ವಿಷಯ ಬೇಡ, ಕಾನೂನು ಒಪ್ಪಲ್ಲ" ಅಂದಿದ್ದಾರೆ. ಬರೀ ಬಾಯಿಮಾತು, ಬರವಣಿಗೆಯಲ್ಲಿ ಏನೂ ಇಲ್ಲ. ಕಾನೂನು ನಿಜಕ್ಕೂ ಏನು ಹೇಳುತ್ತೆ? ನಾವು ಯಾವ ಕ್ರಮದಲ್ಲಿ ಮುಂದುವರಿಯಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾನೂನುಕಟ್ಟೆ

ಸುಮಾ ಅವರೇ, ಕೌನ್ಸೆಲರ್ ಹೇಳಿದ್ದು ತಪ್ಪು. ಟೆಕ್ಸಾಸ್ ಮಟ್ಟಿಗಂತೂ ಪೂರ್ತಿ ತಪ್ಪು. ಹಾಗಂತ ಮೈಕ್ ಹಿಡಿದು ಸಭೆಯನ್ನೆಲ್ಲ ಎದ್ದು ನಿಲ್ಲಿಸಿ ಪ್ರಾರ್ಥನೆ ಮಾಡಿಸುವುದಕ್ಕೂ ಬರುವುದಿಲ್ಲ. ಈ ಎರಡರ ನಡುವೆ ಸಾಕಷ್ಟು ಜಾಗ ಇದೆ, ನಿಮ್ಮ ಮಗಳ ಭಾಷಣ ಅಲ್ಲಿ ಆರಾಮಾಗಿ ಕೂರುತ್ತೆ.

ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರಕ್ಕೆ ಎರಡು ಕಟ್ಟು ಹಾಕುತ್ತೆ. ತಾನಾಗಿ ಯಾವ ಧರ್ಮವನ್ನೂ ಎತ್ತಿ ಹಿಡಿಯಬಾರದು. ಜನರ ಮಾತನ್ನೂ ಧರ್ಮಾಚರಣೆಯನ್ನೂ ತಡೆಯಬಾರದು. ಪಬ್ಲಿಕ್ ಸ್ಕೂಲು ಅಂದರೆ ಸರ್ಕಾರವೇ. ಶಾಲೆಯ ವೇದಿಕೆ ಹತ್ತಿ ವಿದ್ಯಾರ್ಥಿ ಮಾತಾಡಿದಾಗ ಆ ಮಾತು ಶಾಲೆಯದ್ದೋ ವಿದ್ಯಾರ್ಥಿಯದ್ದೋ ಅಂತ ಮೊದಲು ತೀರ್ಮಾನ ಆಗಬೇಕು. ಶಾಲೆಯದ್ದಾದರೆ ಮೊದಲ ಕಟ್ಟು, ವಿದ್ಯಾರ್ಥಿಯದ್ದಾದರೆ ಎರಡನೆಯದು. ಕೇಸುಗಳು ನಡೆದಿರುವುದೆಲ್ಲ ಇದೊಂದರ ಸುತ್ತಲೇ.

ಸುಪ್ರೀಂ ಕೋರ್ಟಿನ ನಾಲ್ಕು ತೀರ್ಪು ನೆನಪಿಟ್ಟುಕೊಂಡರೆ ಸಾಕು. 1969ರ ಟಿಂಕರ್: ಐಯೊವಾದ ಡಿ ಮೊಯ್ನ್‌ನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದರು, ಶಾಲೆ ಮನೆಗೆ ಕಳಿಸಿತು. ಪಾಠ ಪ್ರವಚನಕ್ಕೆ ನಿಜವಾದ ಅಡ್ಡಿ ಆಗುವ ಹಾಗಿದ್ದರೆ ಅಥವಾ ಬೇರೆಯವರ ಹಕ್ಕಿಗೆ ಕೈ ಹಾಕಿದರೆ ಮಾತ್ರ ವಿದ್ಯಾರ್ಥಿಯ ಸ್ವಂತ ಅಭಿವ್ಯಕ್ತಿ ತಡೆಯಬಹುದು ಅಂತ 7-2ರ ತೀರ್ಪು. 1988ರ ಹೇಜಲ್‌ವುಡ್: ಮಿಸೌರಿಯ ಶಾಲೆಯೊಂದರ ಜರ್ನಲಿಸಂ ತರಗತಿ ಹೊರತರುತ್ತಿದ್ದ ಪತ್ರಿಕೆಯಿಂದ ಪ್ರಿನ್ಸಿಪಾಲರು ಎರಡು ಪುಟ ಕಿತ್ತುಹಾಕಿದರು. ಶಾಲೆಯ ಹೆಸರಲ್ಲಿ, ಪಠ್ಯದ ಭಾಗವಾಗಿ ಬರುವ ಮಾತನ್ನು ಶೈಕ್ಷಣಿಕ ಕಾರಣ ಇದ್ದರೆ ಶಾಲೆ ತಿದ್ದಬಹುದು ಅಂದಿತು ಕೋರ್ಟು. 1992ರ ಲೀ ವರ್ಸಸ್ ವೈಸ್‌ಮನ್: ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್‌ನಲ್ಲಿ ಪ್ರಿನ್ಸಿಪಾಲರೇ ಒಬ್ಬ ರಬ್ಬಿಯನ್ನು (ಯಹೂದಿ ಧರ್ಮಗುರು) ಕರೆಸಿ, ಹೇಗೆ ಪ್ರಾರ್ಥನೆ ಮಾಡಬೇಕು ಅಂತ ಕೈಪಿಡಿ ಕೊಟ್ಟು, ಗ್ರಾಜುಯೇಷನ್‌ನಲ್ಲಿ ಪ್ರಾರ್ಥನೆ ಮಾಡಿಸಿದರು. 5-4ರಲ್ಲಿ ಬಿತ್ತು. 2000ದ ಸಾಂಟಾ ಫೆ: ನಿಮ್ಮ ಟೆಕ್ಸಾಸ್‌ನದ್ದೇ. ಫುಟ್‌ಬಾಲ್ ಆಟಕ್ಕೆ ಮುಂಚೆ ಶಾಲೆಯ ಮೈಕಿನಲ್ಲಿ ಪ್ರಾರ್ಥನೆ ಬೇಕೋ ಬೇಡವೋ ಅಂತ ಮಕ್ಕಳಿಂದಲೇ ಓಟು ಹಾಕಿಸಿ, ಹೇಳುವವರನ್ನೂ ಓಟಿನಲ್ಲೇ ಆರಿಸುವ ಏರ್ಪಾಟು. 6-3ರಲ್ಲಿ ಅದೂ ಬಿತ್ತು. ಬಹುಮತದಿಂದ ಆರಿಸಿದರೆ ಅಲ್ಪಸಂಖ್ಯಾತ ಮಗುವಿನ ಸರದಿ ಎಂದಿಗೂ ಬರುವುದಿಲ್ಲ ಅನ್ನುವುದು ಅಲ್ಲಿನ ಮುಖ್ಯ ಕಾರಣಗಳಲ್ಲಿ ಒಂದು.

ನಿಮ್ಮ ವಿಷಯಕ್ಕೆ ಬಂದರೆ, ಮಗಳನ್ನು ಆರಿಸಿದ್ದು ಅಂಕ. ಅಂಕಕ್ಕೆ ಧರ್ಮ ಗೊತ್ತಿಲ್ಲ. ಭಾಷಣ ಬರೆಯುವವಳು ಅವಳೇ ಆಗಿದ್ದರೆ, ಶಾಲೆ ಅದನ್ನು ತಿದ್ದಿ ತೀಡಿ ತನ್ನದಾಗಿಸಿಕೊಂಡಿಲ್ಲದಿದ್ದರೆ, ಆ ಮಾತು ಅವಳದು. ಅಮೆರಿಕದ ಶಿಕ್ಷಣ ಇಲಾಖೆ 2020ರಲ್ಲೂ 2023ರಲ್ಲೂ ಹೊರಡಿಸಿದ ಮಾರ್ಗದರ್ಶಿಗಳು ಹೇಳುವುದೂ ಇದನ್ನೇ: ಆಯ್ಕೆ ತಟಸ್ಥವಾಗಿದ್ದು, ಮಾತಿನ ಮೇಲಿನ ಹತೋಟಿ ಮುಖ್ಯವಾಗಿ ವಿದ್ಯಾರ್ಥಿಯ ಕೈಯಲ್ಲೇ ಇದ್ದರೆ, ಅದನ್ನು ಶಾಲೆಯ ತಲೆಗೆ ಕಟ್ಟುವ ಹಾಗಿಲ್ಲ. ಮಾತು ಧಾರ್ಮಿಕ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಡೆಯುವ ಹಾಗೂ ಇಲ್ಲ. ರಿಪಬ್ಲಿಕನ್ ಸರ್ಕಾರ, ಡೆಮಾಕ್ರಾಟ್ ಸರ್ಕಾರ ಎರಡೂ ಒಂದೇ ಮಾತು ಹೇಳಿರುವುದನ್ನು ಗಮನಿಸಿ.

ಬೋರ್ಡು_ಚಾಕ್‌ಪೀಸ್

ಕಾನೂನು ಮೇಲಿನವರು ಹೇಳಿದರು. ಶಾಲೆಯ ಆಫೀಸಿನಲ್ಲಿ ಇದು ಹೇಗೆ ನಡೆಯುತ್ತೆ ಅಂತ ಬರೆಯುತ್ತೇನೆ.

ಕೌನ್ಸೆಲರ್ ಬಾಯಲ್ಲಿ "ಬೇಡ" ಅಂದದ್ದು ಸಾಮಾನ್ಯವಾಗಿ ಆ ಪ್ರದೇಶದ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಡಿಸ್ಟ್ರಿಕ್ಟ್‌ನ ನಿರ್ಧಾರ ಆಗಿರುವುದಿಲ್ಲ. ಯಾವಾಗಲೋ ಟ್ರೈನಿಂಗ್‌ನಲ್ಲಿ ಕೇಳಿದ ಲೀ ತೀರ್ಪಿನ ಅರ್ಧ ನೆನಪು ಅದು. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಬೋರ್ಡ್ ಪಾಲಿಸಿ ತೆರೆಯಿರಿ. ಟೆಕ್ಸಾಸ್‌ನ ಬಹುಪಾಲು ಡಿಸ್ಟ್ರಿಕ್ಟ್‌ಗಳು ಒಂದೇ ಸಂಕೇತಪಟ್ಟಿ ಬಳಸುತ್ತವೆ: ವಿದ್ಯಾರ್ಥಿಗಳ ಅಭಿವ್ಯಕ್ತಿಗೆ ಎಫ್‌ಎನ್‌ಎ, ಗ್ರಾಜುಯೇಷನ್‌ಗೆ ಎಫ್‌ಎಂಎಚ್, ಪೋಷಕರ ದೂರಿಗೆ ಎಫ್‌ಎನ್‌ಜಿ. ಒಂದೊಂದರಲ್ಲೂ "ಲೀಗಲ್" ಅಂತ ಒಂದು, "ಲೋಕಲ್" ಅಂತ ಒಂದು ಕಡತ ಇರುತ್ತೆ. ನಿಮ್ಮ ಡಿಸ್ಟ್ರಿಕ್ಟ್ ತಾನೇ ಒಪ್ಪಿಕೊಂಡ ನಿಯಮ ಇರುವುದು ಲೋಕಲ್‌ನಲ್ಲಿ. ಎಫ್‌ಎನ್‌ಎ ಲೋಕಲ್ ಇಳಿಸಿಕೊಂಡು, ವಿದ್ಯಾರ್ಥಿ ಭಾಷಣಕಾರರ ಬಗ್ಗೆ ಬರೆದಿರುವ ಭಾಗ ಗುರುತು ಹಾಕಿ.

ಆಮೇಲೆ ಪ್ರಿನ್ಸಿಪಾಲರಿಗೆ ಇಮೇಲ್. ಫೋನ್ ಬೇಡ, ಕಾರಿಡಾರಿನ ಮಾತೂ ಬೇಡ. ಅದರಲ್ಲಿ ಮೂರೇ ಸಂಗತಿ ಇರಲಿ: ಭಾಷಣದ ಪೂರ್ತಿ ಪಠ, ವಚನ ಕನ್ನಡದಲ್ಲೂ ಇಂಗ್ಲಿಷ್ ಅರ್ಥದೊಂದಿಗೂ; ಪಾಲಿಸಿಯ ಆ ಸಾಲು; ಇಂಥ ತಾರೀಖಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ ಅನ್ನುವ ಕೋರಿಕೆ. ಸಮಾರಂಭ ಮೇ ಕೊನೆ, ಜೂನ್ ಮೊದಲ ವಾರ ಅಂತಿಟ್ಟುಕೊಂಡರೆ ಈ ಇಮೇಲ್ ಏಪ್ರಿಲ್ ಮಧ್ಯದೊಳಗೆ ಹೋಗಿರಬೇಕು. ಬಹಳಷ್ಟು ಕಡೆ ಕೆಡುವುದು ಇಲ್ಲೇ. ಪಠವನ್ನು ರಿಹರ್ಸಲ್ ದಿನ ಕೊಡುತ್ತಾರೆ, ಪ್ರಿನ್ಸಿಪಾಲರಿಗೆ ಡಿಸ್ಟ್ರಿಕ್ಟ್ ವಕೀಲರನ್ನು ಕೇಳಲು ಸಮಯ ಇರುವುದಿಲ್ಲ, ಸಮಯ ಇಲ್ಲದ ಅಧಿಕಾರಿ ಯಾವತ್ತೂ "ಬೇಡ" ಅನ್ನುತ್ತಾರೆ. ಸಮಾರಂಭ ಮುಗಿದ ಮೇಲೆ ಕೋರ್ಟಿಗೆ ಹೋದರೆ ಕಳೆದ ಮೂರು ನಿಮಿಷ ವಾಪಸ್ ಬರುವುದಿಲ್ಲ.

ಕನ್ನಡದ ಭಾಗಕ್ಕೆ ಅರ್ಥ ಕೊಡದೆ ಇರಬೇಡಿ. ತಮಗೆ ತಿಳಿಯದ ಭಾಷೆಯಲ್ಲಿ ಏನು ಹೇಳುತ್ತಾರೋ ಅನ್ನುವ ಭಯ ಆಡಳಿತಕ್ಕೆ ಧರ್ಮದ ಭಯಕ್ಕಿಂತ ದೊಡ್ಡದು. ಇನ್ನೊಂದು ಸೂಕ್ಷ್ಮ: ವಚನದ ಕೊನೆಯಲ್ಲಿ "ಕೂಡಲಸಂಗಮದೇವಾ" ಅಂತ ಬರುತ್ತೆ. ಅನುವಾದದಲ್ಲಿ ಅದು ದೇವರನ್ನು ಕರೆದು ಮಾಡುವ ಪ್ರಾರ್ಥನೆಯ ಹಾಗೆ ಕಾಣುತ್ತೆ. ಇದು 12ನೇ ಶತಮಾನದ ಕವಿಯ ಅಂಕಿತ, ಪ್ರತಿ ವಚನದಲ್ಲೂ ಬರುತ್ತೆ ಅಂತ ಪಠದ ಅಂಚಿನಲ್ಲಿ ಒಂದು ಸಾಲು ಬರೆದು ಕೊಡಿ. ಆ ಒಂದು ಸಾಲಿನಿಂದ ಅರ್ಧ ಚರ್ಚೆ ಉಳಿಯುತ್ತೆ.

ಸಿಯಾಟಲ್_ಶರತ್

ಇದನ್ನು ಓದಿ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಕಡೆಯವರು ಮೋಸಹೋಗಬಾರದು. ನಮ್ಮದು ಒಂಬತ್ತನೇ ಸರ್ಕಿಟ್ (ಸರ್ಕಿಟ್ ಅಂದರೆ ಕೆಲವು ರಾಜ್ಯಗಳಿಗೆ ಸೇರಿ ಇರುವ ಫೆಡರಲ್ ಮೇಲ್ಮನವಿ ಕೋರ್ಟು). ಇಲ್ಲಿನ ಹಳೆಯ ತೀರ್ಪುಗಳು ಶಾಲೆಯ ಕಡೆಗೇ ವಾಲಿವೆ.

2000ದ ಕೋಲ್ ವರ್ಸಸ್ ಓರೊವಿಲ್: ಉತ್ತರ ಕ್ಯಾಲಿಫೋರ್ನಿಯಾದ ವ್ಯಾಲಿಡಿಕ್ಟೋರಿಯನ್ ಒಬ್ಬ ಸಭಿಕರನ್ನು ಯೇಸುವಿನ ಕಡೆಗೆ ಕರೆಯುವ ಭಾಷಣ ಬರೆದಿದ್ದ. ಎಲ್ಲ ಭಾಷಣಗಳನ್ನೂ ಶಾಲೆ ಮೊದಲೇ ನೋಡಿ ಒಪ್ಪಬೇಕು ಅನ್ನುವ ಪದ್ಧತಿ ಅಲ್ಲಿತ್ತು. ಅಷ್ಟು ಹತೋಟಿ ಇರುವಾಗ ಬಿಟ್ಟರೆ ಅದು ಶಾಲೆಯ ಅನುಮೋದನೆಯಾಗುತ್ತೆ, ಹಾಗಾಗಿ ತಡೆದದ್ದು ಸರಿ ಅಂದಿತು ಕೋರ್ಟು. 2003ರ ಲಸಾಂಡ್ ವರ್ಸಸ್ ಪ್ಲೆಸಾಂಟನ್‌ನಲ್ಲೂ ಫಲಿತಾಂಶ ಅದೇ, ಆದರೆ ವಿವರ ನೋಡಿ. ಅಲ್ಲಿ ಶಾಲೆ ಪೂರ್ತಿ ಕತ್ತರಿ ಹಾಕಿರಲಿಲ್ಲ. ತನ್ನ ನಂಬಿಕೆಯ ಬಗ್ಗೆ ಹುಡುಗ ಹೇಳಿಕೊಂಡ ಸಾಲುಗಳನ್ನು ಬಿಟ್ಟು, ಸಭೆಗೆ "ನೀವೂ ಬನ್ನಿ" ಅನ್ನುವ ಸಾಲುಗಳನ್ನು ಮಾತ್ರ ತೆಗೆಸಿತು. ಪೂರ್ತಿ ಪಠವನ್ನು ಸಮಾರಂಭದ ಹೊರಗೆ ಹಂಚಲು ಬಿಟ್ಟಿತು. 2009ರ ನರ್ ಪ್ರಕರಣದಲ್ಲಿ ವಾಷಿಂಗ್ಟನ್‌ನ ಶಾಲೆಯೊಂದು ಹಾಡೇ ಇಲ್ಲದ, ಬರೀ ವಾದ್ಯದಲ್ಲಿ ನುಡಿಸುವ ಕ್ರೈಸ್ತ ಕೃತಿಯನ್ನೂ ಗ್ರಾಜುಯೇಷನ್‌ನಲ್ಲಿ ಬೇಡ ಅಂದಿತು. ಅದೂ ನಿಂತಿತು. ಆ ಕೊನೆಯದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಸಿಕ್ಕು ಇದೆ. ಶಾಲೆ ಎಷ್ಟು ಹೆಚ್ಚು ತಿದ್ದುತ್ತೋ ಮಾತು ಅಷ್ಟು ಹೆಚ್ಚು ಶಾಲೆಯದ್ದಾಗುತ್ತೆ, ಶಾಲೆಯದ್ದಾದಷ್ಟೂ ಧರ್ಮ ಹೊರಗೆ ಹೋಗಬೇಕಾಗುತ್ತೆ. ಅದಕ್ಕೇ ಪ್ರಿನ್ಸಿಪಾಲರು "ನಾನೇ ನಿಮ್ಮ ವಚನದ ಭಾಗವನ್ನು ಸ್ವಲ್ಪ ಬದಲಾಯಿಸಿ ಕೊಡುತ್ತೇನೆ" ಅಂದರೆ ನಯವಾಗಿ ಬೇಡ ಅನ್ನಿ. ಬದಲಾವಣೆ ಬೇಕಿದ್ದರೆ ವಿದ್ಯಾರ್ಥಿಯೇ ಮಾಡಲಿ.

ಮಲೆನಾಡಿಗ

ಎಲ್ಲರೂ ಹೇಗೆ ಹೇಳಿಸಬಹುದು ಅಂತಲೇ ಬರೆಯುತ್ತಿದ್ದೀರಿ. ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಆ ಸ್ಟೇಡಿಯಂನಲ್ಲಿ ಬಸವಣ್ಣನ ಹೆಸರು ಕೇಳಿದವರು ಕೈಬೆರಳೆಣಿಕೆ. ಬಹುಪಾಲು ವರ್ಷ ಅದೇ ಮೈಕಿನಲ್ಲಿ ಮಾತಾಡುವವರು ಬಹುಸಂಖ್ಯಾತರ ಮಕ್ಕಳು. ಬಾಗಿಲು ಅಗಲವಾಗಿ ತೆರೆದರೆ ಅದರಲ್ಲಿ ಹೆಚ್ಚು ನುಗ್ಗುವವರು ಯಾರು? ಹಿಂದೂ, ಜೈನ, ಮುಸ್ಲಿಂ, ನಾಸ್ತಿಕ ಮನೆಯ ಮಗು ತನ್ನ ಜೀವನದಲ್ಲಿ ಒಂದೇ ಸಲ ಬರುವ ದಿನದಂದು ಗೌನ್ ತೊಟ್ಟು ಕೂತು "ಯೇಸುವಿಲ್ಲದೆ ಗತಿಯಿಲ್ಲ" ಅಂತ ಕೇಳಬೇಕಾಗುತ್ತೆ.

ಸಾಂಟಾ ಫೆ ಕೇಸು ಹಾಕಿದವರು ನಾಸ್ತಿಕರಲ್ಲ. ಒಂದು ಮಾರ್ಮನ್ ಕುಟುಂಬ, ಒಂದು ಕ್ಯಾಥೊಲಿಕ್ ಕುಟುಂಬ. ಕ್ರೈಸ್ತರ ಊರಲ್ಲೇ ಬೇರೆ ಪಂಗಡದ ಕ್ರೈಸ್ತರು. ಊರಿನವರ ಕಾಟದ ಭಯಕ್ಕೆ ಅವರ ಹೆಸರು ಗುಟ್ಟಾಗಿಡಬೇಕಾಯಿತು. ಅವರು ಯಾರು ಅಂತ ಪತ್ತೆ ಹಚ್ಚಲು ಶಾಲೆಯವರು ಯತ್ನಿಸಬಾರದು ಅಂತ ಕೆಳ ಕೋರ್ಟೇ ಆದೇಶ ಮಾಡಬೇಕಾಗಿ ಬಂತು. ಕಡಿಮೆ ಸಂಖ್ಯೆಯವರನ್ನು ಕಾಯುವ ಗೋಡೆ ಅದು. ನಾವೇ ಒಂದು ವಚನಕ್ಕಾಗಿ ಅದರಿಂದ ಇಟ್ಟಿಗೆ ಕೀಳುವುದು ಬೇಡ ಅನ್ನುವುದು ನನ್ನ ಮಾತು.

ಕಾನೂನುಕಟ್ಟೆ

ಮಲೆನಾಡಿಗ ಅವರೇ, ನಿಮ್ಮ ಆತಂಕ ಸಾಚಾ. ಆದರೆ ಸಾಂಟಾ ಫೆ ಗೋಡೆ ನಿಂತಿರುವುದು ಶಾಲೆ ಮತ್ತು ಬಹುಮತ ಸೇರಿ ಏರ್ಪಡಿಸುವ ಪ್ರಾರ್ಥನೆಯ ಎದುರು. ಅಂಕದಿಂದ ಆಯ್ಕೆಯಾದ ಮಗುವಿನ ಸ್ವಂತ ಮಾತಿಗೆ ಆ ಗೋಡೆ ಅಡ್ಡ ಬರಬೇಕಾಗಿಲ್ಲ. ಕಿವಿಗೆ ಬಿದ್ದದ್ದು ಒಪ್ಪಿಗೆಯಾಗದ ಮಾತು ಅನ್ನುವುದು ಬೇರೆ, ಶಾಲೆ ನನ್ನನ್ನು ಪ್ರಾರ್ಥನೆಗೆ ನಿಲ್ಲಿಸಿತು ಅನ್ನುವುದು ಬೇರೆ. ಮೊದಲನೆಯದನ್ನು ತಡೆಯಲು ಹೊರಟರೆ ಪ್ರತಿ ಸಲ ಕತ್ತರಿ ಮೊದಲು ಬೀಳುವುದು ಪರಿಚಯವಿಲ್ಲದ ದೇವರ ಹೆಸರಿನ ಮೇಲೆ. "ಗಾಡ್" ಅಂದರೆ ಯಾರಿಗೂ ಕೇಳಿಸುವುದಿಲ್ಲ, "ಶಿವ" ಅಂದರೆ ಎಲ್ಲರಿಗೂ ಕೇಳಿಸುತ್ತೆ. ಹಾಗಾಗಿ ಅಲ್ಪಸಂಖ್ಯಾತ ಮಗುವಿಗೆ ಎರಡೂ ಬೇಕು, ಆ ಗೋಡೆಯೂ ಬೇಕು, ತನ್ನ ಸರದಿಯ ಮೈಕೂ ಬೇಕು.

ಟೆಕ್ಸಾಸ್ 2007ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ವಿದ್ಯಾರ್ಥಿಗಳು ಸಭೆಯಲ್ಲಿ ಮಾತಾಡುವ ಎಲ್ಲ ಶಾಲಾ ಕಾರ್ಯಕ್ರಮವನ್ನೂ ಡಿಸ್ಟ್ರಿಕ್ಟ್ ಒಂದು ಸೀಮಿತ ಮುಕ್ತ ವೇದಿಕೆ (ಗೊತ್ತುಪಡಿಸಿದ ವಿಷಯದ ಮಟ್ಟಿಗೆ ಮಾತು ಮುಕ್ತ) ಅಂತ ನಡೆಸಬೇಕು, ಭಾಷಣಕಾರರನ್ನು ತಟಸ್ಥ ಮಾನದಂಡದಿಂದ ಆರಿಸಬೇಕು, ವಿಷಯಕ್ಕೆ ಸಂಬಂಧಪಟ್ಟ ಮಾತು ಧಾರ್ಮಿಕ ದೃಷ್ಟಿಯದ್ದು ಅಂತ ಭೇದ ಮಾಡಬಾರದು, ಅಶ್ಲೀಲ ಮಾತಿಗೆ ಅವಕಾಶ ಕೊಡಬಾರದು, ವಿದ್ಯಾರ್ಥಿಯ ಮಾತು ಡಿಸ್ಟ್ರಿಕ್ಟ್‌ನ ಅಭಿಪ್ರಾಯ ಅಲ್ಲ ಅಂತ ಬರಹದಲ್ಲೋ ಬಾಯಲ್ಲೋ ಎರಡರಲ್ಲೋ ಹೇಳಬೇಕು. ಗ್ರಾಜುಯೇಷನ್‌ನಲ್ಲಿ ಈ ಹೇಳಿಕೆ ಕಡ್ಡಾಯ. ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಸಾಲು ಇದೆಯೋ ಇಲ್ಲವೋ ಸುಮಾ ಅವರು ನೋಡಲಿ. ಇಲ್ಲದಿದ್ದರೆ ಹಾಕಿಸಿ. ಅದು ಶಾಲೆಗೂ ರಕ್ಷಣೆ, ಮಲೆನಾಡಿಗ ಅವರು ಹೇಳುವ ಮಗುವಿಗೂ ರಕ್ಷಣೆ.

ಒಂದು ಉದಾಹರಣೆ ಕೊಡದಿದ್ದರೆ ಇದು ಅರ್ಧವಾಗುತ್ತೆ. 2011ರಲ್ಲಿ ಟೆಕ್ಸಾಸ್‌ನದ್ದೇ ಮೆಡಿನಾ ವ್ಯಾಲಿ. ಕೆಳ ಹಂತದ ಫೆಡರಲ್ ನ್ಯಾಯಾಧೀಶರು ಭಾಷಣಗಳಲ್ಲಿ "ಪ್ರಾರ್ಥನೆಯಲ್ಲಿ ಜೊತೆಗೂಡಿ", "ತಲೆ ಬಾಗಿಸಿ", "ಆಮೆನ್" ಇಂಥ ಮಾತು ಬರಕೂಡದು ಅಂತ ಪದಗಳನ್ನೇ ಪಟ್ಟಿ ಮಾಡಿ ಆದೇಶಿಸಿದರು. ಸಮಾರಂಭಕ್ಕೆ ಮುಂಚೆ, ಜೂನ್ 3ರಂದು, ಟೆಕ್ಸಾಸ್ ಸೇರುವ ಐದನೇ ಸರ್ಕಿಟ್ ಆ ಆದೇಶ ತೆಗೆದುಹಾಕಿತು. ಅಷ್ಟರಲ್ಲಿ ಡಿಸ್ಟ್ರಿಕ್ಟ್ ಕಾರ್ಯಕ್ರಮ ಪಟ್ಟಿಯಿಂದ ಪ್ರಾರ್ಥನೆ ಅನ್ನುವ ಅರ್ಥ ಕೊಡುವ "ಇನ್ವೊಕೇಶನ್", "ಬೆನೆಡಿಕ್ಷನ್" ತೆಗೆದು ಆರಂಭದ ಮಾತು, ಮುಕ್ತಾಯದ ಮಾತು ಅಂತ ಮಾಡಿತ್ತು. ಅಚ್ಚಾದ ಹಾಳೆಯಲ್ಲಿ ಶಾಲೆ ಏನಂತ ಬರೆಯುತ್ತೆ ಅನ್ನುವುದಕ್ಕೆ ಅಷ್ಟು ತೂಕ ಇದೆ. "ಪ್ರಾರ್ಥನೆ: ಇಂಥವರಿಂದ" ಅಂತ ಅಚ್ಚಾಯಿತೋ, ಆ ಮಾತು ಶಾಲೆಯದ್ದಾಯಿತು.

2022ರ ಕೆನಡಿ ವರ್ಸಸ್ ಬ್ರೆಮರ್ಟನ್ ಆದಮೇಲೆ ಎಲ್ಲ ಬದಲಾಯಿತು ಅಂತ ಹೇಳುವವರಿದ್ದಾರೆ. ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ತನ್ನ ಪಾಡಿಗೆ ಮಂಡಿಯೂರಿ ಪ್ರಾರ್ಥಿಸಿದ ಕೋಚ್‌ನ ಕೇಸು ಅದು. 6-3ರಲ್ಲಿ ಅವರು ಗೆದ್ದರು, ಸರ್ಕಾರ ಧರ್ಮವನ್ನು ಎತ್ತಿ ಹಿಡಿಯುತ್ತಿದೆಯೇ ಅಂತ ಅಳೆಯುತ್ತಿದ್ದ 1971ರ ಲೆಮನ್ ಒರೆಗಲ್ಲನ್ನು ಕೋರ್ಟು ಕೈಬಿಟ್ಟಿತು, ಇನ್ನು ಮುಂದೆ ಇತಿಹಾಸ, ಪರಂಪರೆ ನೋಡಬೇಕು ಅಂದಿತು. ಲೀ ಮತ್ತು ಸಾಂಟಾ ಫೆ ತೀರ್ಪುಗಳನ್ನು ಮಾತ್ರ ರದ್ದು ಮಾಡಲಿಲ್ಲ. 2024ರಲ್ಲಿ ಹನ್ನೊಂದನೇ ಸರ್ಕಿಟ್ ಫ್ಲಾರಿಡಾದ ಫುಟ್‌ಬಾಲ್ ಫೈನಲ್‌ನ ಧ್ವನಿವರ್ಧಕದ ಪ್ರಾರ್ಥನೆಯನ್ನು ಸರ್ಕಾರದ ಮಾತು ಅಂತಲೇ ಎಣಿಸಿತು.

ಧಾರವಾಡ_ಬಾರ್

ನಮ್ಮ ಕಡೆ ಓದುಗರಿಗೆ ಒಂದು ಮಾತು. ಭಾರತದ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಬೇಡ ಅನ್ನುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೂಜೆ, ಧಾರ್ಮಿಕ ಬೋಧನೆ ಇದ್ದರೆ ಹಾಜರಿ ಕಡ್ಡಾಯ ಮಾಡುವ ಹಾಗಿಲ್ಲ. ಮಗು ಚಿಕ್ಕದಿದ್ದರೆ ಪಾಲಕರ ಒಪ್ಪಿಗೆ ಬೇಕು. ಅಮೆರಿಕಕ್ಕೂ ನಮಗೂ ನೇರ ಕೊಂಡಿ ಅಂದರೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪು. ಕೇರಳದ ಯೆಹೋವನ ಸಾಕ್ಷಿಗಳ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಹಾಡಲಿಲ್ಲ. ಶಾಲೆ ಹೊರಗೆ ಹಾಕಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ಅದೇ ಪಂಗಡದ ಮಕ್ಕಳು ಧ್ವಜವಂದನೆ ಮಾಡಲೊಲ್ಲೆ ಅಂದಾಗ ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿ ಕೊಟ್ಟ ಬಾರ್ನೆಟ್ ತೀರ್ಪನ್ನು ನಮ್ಮ ಕೋರ್ಟು ಅಲ್ಲಿ ಉಲ್ಲೇಖಿಸಿದೆ. ಮಾತಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಅಡಗಿದೆ. ಸುಮಾ ಅವರ ಮಗಳ ಸಭೆಯಲ್ಲಿ ಕೂತ ಮಕ್ಕಳಿಗೂ ಅದು ಅನ್ವಯ ಅನ್ನೋದನ್ನ ಮರೀಬ್ಯಾಡ್ರಿ.

ಎಡಿಸನ್_ಅಪ್ಪ

ಗ್ರಾಜುಯೇಷನ್ ಬಿಡಿ, ಎರಡನೇ ಕ್ಲಾಸಿನ ಮಗು ಟ್ಯಾಲೆಂಟ್ ಶೋನಲ್ಲಿ ದಾಸರ ಪದ ಹಾಡಬಹುದಾ? ಮಿಡಲ್ ಸ್ಕೂಲಿನವರು ಕ್ಲಾಸಿನಲ್ಲಿ ಕೊಟ್ಟ ಭಾಷಣಕ್ಕೆ ಗಣೇಶನನ್ನೇ ವಿಷಯ ಮಾಡಿಕೊಳ್ಳಬಹುದಾ?

ಬೋರ್ಡು_ಚಾಕ್‌ಪೀಸ್

ಟ್ಯಾಲೆಂಟ್ ಶೋಗೆ ನಿಮ್ಮ ನ್ಯೂಜೆರ್ಸಿಯಲ್ಲೇ ತೀರ್ಪಿದೆ. 2006ರ ಫ್ರೆಂಚ್‌ಟೌನ್ ಪ್ರಕರಣ, ಎರಡನೇ ತರಗತಿಯ ಮಗು, ಶಾಲೆ ಬಿಟ್ಟ ಮೇಲಿನ ಟ್ಯಾಲೆಂಟ್ ಶೋ, ಕ್ರೈಸ್ತ ಭಕ್ತಿಗೀತೆ. ಶಾಲೆ ಬೇಡ ಅಂದದ್ದು ತಪ್ಪು ಅಂತ ಫೆಡರಲ್ ಕೋರ್ಟು ಹೇಳಿತು. ಮಕ್ಕಳು ತಾವೇ ಹಾಡು ಆರಿಸಿಕೊಳ್ಳುವ, ಬರಲೇಬೇಕೆಂಬ ಕಟ್ಟಿಲ್ಲದ ಕಾರ್ಯಕ್ರಮ ಅದು. ದಾಸರ ಪದಕ್ಕೂ ಅದೇ ಲೆಕ್ಕ.

ಕ್ಲಾಸಿನ ಭಾಷಣ ಬೇರೆ ಜಾತಿ. ಅದು ಪಾಠ, ಹೇಜಲ್‌ವುಡ್ ನಡೆಯುವ ಜಾಗ. ವಿಷಯ ಆಯ್ಕೆ ಮಕ್ಕಳಿಗೆ ಬಿಟ್ಟಿದ್ದರೆ ಗಣೇಶನನ್ನು ಆರಿಸಿಕೊಳ್ಳಬಹುದು, ಅಂಕ ಕೊಡುವಾಗ ಮಾತ್ರ ಮಾಮೂಲಿ ಅಳತೆಗೋಲು: ವಿಷಯಕ್ಕೆ ಅಂಟಿಕೊಂಡಿದೆಯೇ, ಆಧಾರ ಇದೆಯೇ, ಸಮಯಕ್ಕೆ ಮುಗಿಯಿತೇ. ಧರ್ಮದ ವಿಷಯ ಅಂತ ಅಂಕ ಕಳೆಯುವಂತಿಲ್ಲ, ಕೂಡಿಸುವಂತೆಯೂ ಇಲ್ಲ. 1995ರಲ್ಲಿ ಟೆನೆಸ್ಸಿಯ ಕೇಸಿನಲ್ಲಿ ಒಂಬತ್ತನೇ ತರಗತಿಯ ಹುಡುಗಿ ಒಪ್ಪಿಗೆ ಪಡೆದ ವಿಷಯ ಬಿಟ್ಟು ಯೇಸುವಿನ ಮೇಲೆ ಪ್ರಬಂಧ ಬರೆದು ಸೊನ್ನೆ ಪಡೆದಳು. ನಾಲ್ಕು ಆಕರ ಬೇಕು, ವಿಷಯಕ್ಕೆ ಮೊದಲೇ ಒಪ್ಪಿಗೆ ಬೇಕು ಅನ್ನುವುದು ಟೀಚರ್ ಹಾಕಿದ ನಿಯಮ. ಆರನೇ ಸರ್ಕಿಟ್ ಟೀಚರ್ ಪರ ನಿಂತಿತು. ಗಣೇಶನ ಭಾಷಣಕ್ಕೂ ಹಾಗೇ, ಟೀಚರ್ ಹಾಳೆಯಲ್ಲಿ ಕೇಳಿದ್ದೆಲ್ಲ ಇರಲಿ.

ಸುಮಾ_ಡಲ್ಲಾಸ್

ಎಲ್ಲರಿಗೂ ಧನ್ಯವಾದ. ಎಫ್‌ಎನ್‌ಎ ಲೋಕಲ್ ಸಿಕ್ಕಿತು, ವ್ಯಾಲಿಡಿಕ್ಟೋರಿಯನ್ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ಕರಡಿನಲ್ಲಿ ನಾಲ್ಕು ಜಾಗ ಕೇಳಬೇಕಿತ್ತು. ಒಂದು, ವಚನ ಮತ್ತು ಅರ್ಥ. ಎರಡು, "ನನಗೆ ಶಕ್ತಿ ಕೊಟ್ಟ ದೇವರಿಗೆ ನಮಸ್ಕಾರ". ಮೂರು, "ಎಲ್ಲರೂ ಒಂದು ಕ್ಷಣ ಎದ್ದು ಕೈಮುಗಿಯೋಣ". ನಾಲ್ಕು, ಪ್ರಿನ್ಸಿಪಾಲರು ಬೇಡ ಅಂದರೂ ವೇದಿಕೆಯ ಮೇಲೆ ಹೇಳಿಬಿಟ್ಟರೆ ಏನಾಗುತ್ತೆ?

ಕಾನೂನುಕಟ್ಟೆ

ಒಂದು, ಎರಡು ಇರಲಿ. ಎರಡೂ ಅವಳ ಬದುಕಿನ ಮಾತು, ಗ್ರಾಜುಯೇಷನ್ ಸಂದರ್ಭಕ್ಕೆ ಹೊಂದುವ ಮಾತು. ಮೂರನೆಯದು ತೆಗೆದುಬಿಡಿ. ಸಭೆಯಿಂದ ಒಂದು ಕ್ರಿಯೆ ಮಾಡಿಸಿದ ಕೂಡಲೇ ಲೀ ತೀರ್ಪಿನ ಬಲವಂತದ ಪ್ರಶ್ನೆ (ಒಲ್ಲದವರನ್ನೂ ಶಾಲೆ ಪ್ರಾರ್ಥನೆಗೆ ನಿಲ್ಲಿಸಿತೇ ಅನ್ನುವುದು) ಎದ್ದು ನಿಲ್ಲುತ್ತೆ. ಟೆಕ್ಸಾಸ್ ಕಾನೂನಿನಡಿ ಗೆಲ್ಲಬಹುದೇನೋ, ಆದರೆ ಪ್ರಿನ್ಸಿಪಾಲರು ಇಡೀ ಭಾಷಣಕ್ಕೆ ಕೆಂಪು ಗೆರೆ ಎಳೆಯಲು ಆ ಒಂದು ಸಾಲೇ ಸಾಕು. ಧಾರವಾಡದವರು ಹೇಳಿದ ಕಾರಣಕ್ಕೂ ಅದು ಬೇಡ.

ನಾಲ್ಕನೆಯದಕ್ಕೆ 2009ರ ಕಾರ್ಡರ್ ತೀರ್ಪು ನೋಡಿ. ಕೊಲರಾಡೊದ ಶಾಲೆ, ಹದಿನೈದು ವ್ಯಾಲಿಡಿಕ್ಟೋರಿಯನ್‌ಗಳು, ತಲೆಗೆ 30 ಸೆಕೆಂಡ್. ಒಬ್ಬಳು ಪ್ರಿನ್ಸಿಪಾಲರಿಗೆ ತೋರಿಸಿದ ಪಠ ಬೇರೆ, ವೇದಿಕೆಯಲ್ಲಿ ಸೇರಿಸಿದ ಯೇಸುವಿನ ಮಾತು ಬೇರೆ. ಕ್ಷಮೆಯ ಇಮೇಲ್ ಬರೆಯುವವರೆಗೆ ಡಿಪ್ಲೊಮಾ ಕೈಗೆ ಕೊಡಲಿಲ್ಲ. ಹತ್ತನೇ ಸರ್ಕಿಟ್ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ನಿಮ್ಮದು ಬೇರೆ ಸರ್ಕಿಟ್, ಬೇರೆ ರಾಜ್ಯ ಕಾನೂನು, ಆದರೂ ತೋರಿಸಿದ್ದನ್ನೇ ಓದಲಿ. ತಡೆದರೆ ಕಾರಣ ಬರವಣಿಗೆಯಲ್ಲಿ ಕೇಳಿ, ಎರಡು ದಿನದೊಳಗೆ ಡಿಸ್ಟ್ರಿಕ್ಟ್ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ ಬರೆಯಿರಿ, ಜೊತೆಜೊತೆಗೆ ಎಫ್‌ಎನ್‌ಜಿ ದೂರು ಹಾಕಿ. ಅದರ ಗಡುವು ಪಾಲಿಸಿಯಲ್ಲೇ ಇರುತ್ತೆ, ತಪ್ಪಿಸಬೇಡಿ. ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಸಂವಿಧಾನ ಕಾಪಾಡುವ ಪ್ರಾರ್ಥನೆಗೆ ಅಡ್ಡಿಯಾಗುವ ಪಾಲಿಸಿ ನಮ್ಮಲ್ಲಿಲ್ಲ ಅಂತ ಪ್ರತಿ ಡಿಸ್ಟ್ರಿಕ್ಟೂ ವರ್ಷವರ್ಷ ಅಕ್ಟೋಬರ್ 1ರೊಳಗೆ ರಾಜ್ಯಕ್ಕೆ ಬರೆದುಕೊಡಬೇಕು, ಫೆಡರಲ್ ಅನುದಾನಕ್ಕೆ ಅದು ಷರತ್ತು. ಅದನ್ನು ಓದಿದ ಸೂಪರಿಂಟೆಂಡೆಂಟ್ ಡಿಸ್ಟ್ರಿಕ್ಟ್ ವಕೀಲರಿಗೆ ಅದೇ ದಿನ ಫೋನ್ ಮಾಡುತ್ತಾರೆ. ಅಷ್ಟಾದ ಮೇಲೂ ಒಪ್ಪದಿದ್ದರೆ, ಸಮಾರಂಭಕ್ಕೆ ಮೂರು ವಾರ ಉಳಿದಿರುವಾಗಲೇ ಸ್ಥಳೀಯ ವಕೀಲರನ್ನು ಕಾಣಿರಿ. ತುರ್ತು ತಡೆಯಾಜ್ಞೆಗೆ ಅವರಿಗೆ ಬೇಕಾಗುವುದು ನಿಮ್ಮ ಇಮೇಲ್ ಸರಣಿ, ಪಾಲಿಸಿಯ ಪ್ರತಿ, ಭಾಷಣದ ಪೂರ್ತಿ ಪಠ. ಈ ಮೂರನ್ನು ಇವತ್ತೇ ಒಂದು ಫೋಲ್ಡರಿಗೆ ಹಾಕಿಡಿ.